ಗೋಧಿ ಕೊಯ್ದ ತಕ್ಷಣ ಸೋಯಾ ಹಾಕಬಹುದಾ?

ನಮಸ್ಕಾರ ಸರ್. ಬಾರಾಮತಿ ಹತ್ತಿರದ ಹೊಲದಲ್ಲಿ ಮಾರ್ಚ್‌ಗೆ ಕಂಬೈನ್ ತರಿಸಿ ಗೋಧಿ ಕೊಯ್ಸಿ, ಅಮೆರಿಕದವರ ಹಾಗೆ ಮರುದಿನವೇ ಸೋಯಾ ಬಿತ್ತಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಅಲ್ಲಿ, ಕೆಂಟಕಿ, ದಕ್ಷಿಣ ಇಲಿನಾಯ್ ಕಡೆ, ಗೋಧಿ ಕೊಯ್ಲಿಗೆ ಬರುವುದೇ ಜೂನ್‌ನಲ್ಲಿ. ಕಂಬೈನ್ ಹಿಂದೆಯೇ ಬಿತ್ತುವ ಯಂತ್ರ ಬರುತ್ತದೆ. ಉಳುಮೆ ಇಲ್ಲ, ಕೂಳೆ ನಡುವೆಯೇ ಬೀಜ ಇಳಿಯುತ್ತದೆ. ತಡವಾದರೆ ಹಿಮ ಬೀಳುವ ಮೊದಲು ಕಾಯಿ ಬಲಿಯುವುದಿಲ್ಲ, ಅದಕ್ಕೇ ಅಷ್ಟು ಅವಸರ. ನಮ್ಮಲ್ಲಿ ಗೋಧಿ ಆದ ಮೇಲೆ ಬರುವುದು ಏಪ್ರಿಲ್, ಮೇ ಬಿಸಿಲು. ಹೂವು ಉದುರುತ್ತದೆ, ನೀರು ಸುಮ್ನೆ ಖರ್ಚು.

ಇಲ್ಲಿ ಸೋಯಾ ಮೊದಲು, ಗೋಧಿ ಆಮೇಲೆ. 75ರಿಂದ 100 ಮಿ.ಮೀ. ಮಳೆ ಬಿದ್ದ ಮೇಲೆ ಸೋಯಾ ಬಿತ್ತಿ, ಅಕ್ಟೋಬರ್‌ಗೆ ಕೊಯ್ದು, ನವೆಂಬರ್‌ನಲ್ಲಿ ಗೋಧಿ ಹಾಕಿ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 6478 ಗೋಧಿ ತಳಿ ಸುಮಾರು 110 ದಿನಕ್ಕೆ ಬರುತ್ತದೆ.

ಕಂಬೈನ್ ಮಾತ್ರ ಧೈರ್ಯವಾಗಿ ತರಿಸಿ. ಮೊದಲು ಒಂದು ತೆನೆ ಅಂಗೈಯಲ್ಲಿ ಉಜ್ಜಿ ಕಾಳು ಕಚ್ಚಿ ನೋಡಿ. ಕಟ್ ಅಂತ ಮುರಿಯಬೇಕು. ಮೆತ್ತಗಿದ್ದರೆ ಇನ್ನೆರಡು ದಿನ ಬಿಡಿ. ಇಬ್ಬನಿ ಆರುವ ತನಕ ಯಂತ್ರ ಇಳಿಸಬೇಡಿ. ಹತ್ತು ಮಾರು ಹೋದ ಮೇಲೆ ನಿಲ್ಲಿಸಿ, ಹಿಂದೆ ಬಿದ್ದ ಹೊಟ್ಟು ಕೈಯಲ್ಲಿ ಸರಿಸಿ. ಹೊಟ್ಟಿನಲ್ಲಿ ಗಟ್ಟಿ ಕಾಳು ಜಾಸ್ತಿ ಕಂಡರೆ ಫ್ಯಾನ್ ಗಾಳಿ ಕಡಿಮೆ ಮಾಡಿಸಿ, ವೇಗವನ್ನೂ ತಗ್ಗಿಸಲು ಹೇಳಿ. ಡ್ರೈವರ್ ಅವಸರ ಮಾಡುತ್ತಾರೆ, ಬಿಡಬೇಡಿ. ಮೊದಲ ವರ್ಷ ನಾನು ನೋಡದೆ ಬಿಟ್ಟಿದ್ದೆ. ಮಳೆ ಬಿದ್ದ ವಾರಕ್ಕೆ ಹೊಲವೆಲ್ಲ ಗೋಧಿ ಮೊಳಕೆ.

ಕೂಳೆಗೆ ಬೆಂಕಿ ಹಚ್ಚಬೇಡಿ. ಮನೆಯಲ್ಲಿ ದನ ಇದ್ದರೆ ಹೊಟ್ಟು ಕೂಡಿಸುವ ಯಂತ್ರವನ್ನೂ ಅವತ್ತೇ ಹೇಳಿಡಿ.