ದೈತ್ಯ ಕುಂಬಳದ ತಾಯಿಬಳ್ಳಿ ಸೀಳಿದೆ. ಟೇಪ್ ಸುತ್ತಬೇಕಾ, ಕಿತ್ತು ಹಾಕಬೇಕಾ?

ಕೀಳಬೇಡಿ. ಟೇಪನ್ನೂ ಸುತ್ತಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ನೀವು ಬರೆದಿರುವ ಪ್ರಕಾರ ನಿಮ್ಮದು ಅಟ್ಲಾಂಟಿಕ್ ಜೈಂಟ್ ತಳಿ. ಹೆಣ್ಣು ಹೂವಿಗೆ ಪರಾಗ ಮುಟ್ಟಿಸಿ 25 ದಿನ ಆಗಿದೆ. ಎರಡು ದಿನ ಬಿಡದೆ ಮಳೆ ಹೊಡೆದು, ಮೂರನೇ ದಿನ ಬೆಳಗ್ಗೆ ನೋಡಿದರೆ ಬುಡಕ್ಕೂ ಕಾಯಿಗೂ ನಡುವೆ ತಾಯಿಬಳ್ಳಿ ಒಂದು ಗೇಣು ಉದ್ದಕ್ಕೆ ಸೀಳಿದೆ. ಸೀಳಿನಿಂದ ನೀರು ಜಿನುಗುತ್ತಿದೆ. ಎಲೆಗಳು ಮಾತ್ರ ಬಾಡಿಲ್ಲ. ಕೊನೆಗೆ ಸೇರಿಸಿರುವ ಆ ಒಂದು ಮಾತು ಓದಿ ನನಗೆ ಸಮಾಧಾನ ಆಯಿತು. ನೀರಿನ ಹರಿವು ನಿಂತಿದ್ದರೆ ಎಲೆ ಅದೇ ಮಧ್ಯಾಹ್ನ ಜೋತು ಬೀಳುತ್ತಿತ್ತು.

ಕುಂಬಳದ ಬಳ್ಳಿ ಒಳಗೆ ಟೊಳ್ಳು. ನೀರು ಮತ್ತು ಆಹಾರ ಸಾಗಿಸುವ ನಾಳಗಳು ಕಟ್ಟುಕಟ್ಟಾಗಿ ಆ ಟೊಳ್ಳಿನ ಸುತ್ತಲಿನ ಗೋಡೆಯಲ್ಲಿ ಉದ್ದಕ್ಕೆ ಸಾಗುತ್ತವೆ. ಬಳ್ಳಿ ಉದ್ದಕ್ಕೆ ಸೀಳಿದಾಗ ಸೀಳು ಸಾಮಾನ್ಯವಾಗಿ ಎರಡು ಕಟ್ಟುಗಳ ನಡುವೆ ಹಾದು ಹೋಗುತ್ತದೆ, ನಾಳಗಳು ಬಹುಪಾಲು ಉಳಿಯುತ್ತವೆ. ಅಡ್ಡಕ್ಕೆ ತುಂಡಾದರೆ ಕಥೆಯೇ ಬೇರೆ. ಉತ್ತರ ಅಮೆರಿಕದಲ್ಲಿ ಬಳ್ಳಿ ಕೊರೆಯುವ ಒಂದು ಹುಳದ ಕಾಟ ಇದೆ. ಅಲ್ಲಿನ ಬೆಳೆಗಾರರು ಚೂಪಾದ ಚಾಕುವಿನಿಂದ ಬಳ್ಳಿಯನ್ನು ಬೇಕಂತಲೇ ಉದ್ದಕ್ಕೆ ಸೀಳಿ, ಹುಳ ಹೊರಗೆ ತೆಗೆಯುತ್ತಾರೆ. ಬಳ್ಳಿ ಬದುಕಿಕೊಳ್ಳುತ್ತದೆ. ನಿಮ್ಮ ಬಳ್ಳಿಗೆ ಆಗಿರುವುದೂ ಅಂಥದ್ದೇ ಗಾಯ.

ಯಾಕೆ ಸೀಳಿತು? ಮಳೆ ನೀರು ಒಮ್ಮೆಲೇ ಬೇರಿಗೆ ಸಿಕ್ಕಿತು, ಒಳಗಿನ ಒತ್ತಡ ಏರಿತು, ಹೊರಗಿನ ತೊಗಟೆ ಅಷ್ಟು ಬೇಗ ಹಿಗ್ಗಲಿಲ್ಲ. ಈ ತಳಿಯನ್ನು ರೂಪಿಸಿದವರು ಕೆನಡಾದ ನೋವಾ ಸ್ಕೋಶಿಯಾದ ರೈತ ಹೋವರ್ಡ್ ಡಿಲ್. 1981ರಲ್ಲಿ ಅವರು ತೂಗಿಸಿದ ದಾಖಲೆ ಕಾಯಿ 493.5 ಪೌಂಡ್, ಅಂದರೆ ಸುಮಾರು 224 ಕೆ.ಜಿ. 2025ರಲ್ಲಿ ಇಂಗ್ಲೆಂಡಿನ ಅವಳಿ ಸೋದರರಾದ ಇಯಾನ್ ಮತ್ತು ಸ್ಟುವರ್ಟ್ ಪ್ಯಾಟನ್ ಬೆಳೆದದ್ದು 1,278 ಕೆ.ಜಿ.ಗೂ ಜಾಸ್ತಿ. ಕಾಯಿ ಐದು ಪಟ್ಟಿಗಿಂತ ದೊಡ್ಡದಾಯಿತು. ಅದನ್ನು ಸಾಕುವುದು ಇವತ್ತಿಗೂ ಒಂದು ಟೊಳ್ಳು ಬಳ್ಳಿಯೇ. ಇಷ್ಟು ಜೋರಾಗಿ ಬೆಳೆಯುವ ಗಿಡದಲ್ಲಿ ಸೀಳು ಬರುವುದು ನಿಮ್ಮ ತಪ್ಪಲ್ಲ. ಸಾರಜನಕದ ಗೊಬ್ಬರ ಕೊಡುತ್ತಿದ್ದರೆ ಮಾತ್ರ ಒಂದು ವಾರ ನಿಲ್ಲಿಸಿ. ನೀರನ್ನೂ ಒಂದೇ ಸಲ ಸುರಿಯಬೇಡಿ, ಸ್ವಲ್ಪ ಸ್ವಲ್ಪವಾಗಿ ದಿನವೂ ಕೊಡಿ.

ಈಗ ಟೇಪಿನ ವಿಷಯ. ನನ್ನ ಎರಡನೇ ವರ್ಷದ ಬಳ್ಳಿಯೂ ಹೀಗೇ ಸೀಳಿತ್ತು. ಗಾಯ ಅಂದ ಮೇಲೆ ಮುಚ್ಚಬೇಕು ಅಲ್ವಾ ಅಂದುಕೊಂಡು ಪ್ಲಾಸ್ಟಿಕ್ ಟೇಪನ್ನು ಬಿಗಿಯಾಗಿ ಸುತ್ತಿದೆ. ನೋಡೋಕೆ ಚೆನ್ನಾಗೇ ಇತ್ತು. ನಾಲ್ಕೈದು ದಿನ ಬಿಟ್ಟು ಹತ್ತಿರ ಹೋದರೆ ಹುಳಿ ನಾತ. ಬಿಚ್ಚಿದಾಗ ಒಳಗೆಲ್ಲ ಬಿಳಿ ನೊರೆ, ಲೋಳೆ. ಬೆರಳಿಟ್ಟರೆ ಗೋಡೆ ಒಳಕ್ಕೆ ಕುಸಿಯುತ್ತಿತ್ತು. ಕೆಡಿಸಿದ್ದು ಸೀಳಲ್ಲ, ಟೇಪಿನೊಳಗೆ ಸಿಕ್ಕಿಕೊಂಡ ತೇವ. ಬಳ್ಳಿಯ ರಸದಲ್ಲಿ ಸಕ್ಕರೆ ಇರುತ್ತದೆ. ತೇವ, ಸಕ್ಕರೆ, ಬೆಚ್ಚಗಿನ ಜಾಗ ಮೂರೂ ಸಿಕ್ಕರೆ ಬ್ಯಾಕ್ಟೀರಿಯಾಗೆ ಇನ್ನೇನು ಬೇಕು? ಆ ವರ್ಷದಿಂದ ನನಗೆ ಬಳ್ಳಿಯ ಗಾಯಕ್ಕೆ ಗೊತ್ತಿರುವ ದೊಡ್ಡ ಔಷಧಿ ಗಾಳಿ.

ಹಾಗಾಗಿ ಇವತ್ತೇ ಮಾಡಬೇಕಾದ್ದು ಇಷ್ಟು. ಸೀಳಿನ ಮೇಲೆ ನೆರಳು ಹಾಕಿರುವ ಎರಡು ಮೂರು ಎಲೆಗಳನ್ನು ತೆಗೆಯಿರಿ. ಎಲೆ ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು, ಆದರೆ ಗಾಳಿ ಆಡಲೇಬೇಕು. ಎಲೆಯ ತೊಟ್ಟೂ ಟೊಳ್ಳು ಕೊಳವೆ ಅನ್ನುವುದು ನೆನಪಿರಲಿ. ನೆಟ್ಟಗೆ ನಿಂತ ಮೋಟು ಬಿಟ್ಟರೆ ಮಳೆ ನೀರು ಅದರಲ್ಲಿ ತುಂಬಿ ನಿಲ್ಲುತ್ತದೆ, ಕೊಳೆ ಅಲ್ಲಿಂದ ಬಳ್ಳಿಗೇ ಇಳಿಯುತ್ತದೆ. ಓರೆಯಾಗಿ, ನೀರು ನಿಲ್ಲದ ಹಾಗೆ ಕತ್ತರಿಸಿ. ಸೀಳಿದ ಜಾಗದಲ್ಲಿ ಬಳ್ಳಿಗೆ ತಾಗಿರುವ ಒದ್ದೆ ಮಣ್ಣನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ. ಬಳ್ಳಿಯನ್ನು ಎತ್ತಲು ಹೋಗಬೇಡಿ, ಎತ್ತಿದರೆ ಗೆಣ್ಣಿನ ಬೇರು ಹರಿಯುತ್ತದೆ. ಟೊಳ್ಳಿನಲ್ಲಿ ನೀರು ನಿಂತಿದ್ದರೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒರೆಸಿದಷ್ಟೂ ಮತ್ತೆ ತುಂಬುತ್ತಿದ್ದರೆ ಸೀಳಿನ ತಗ್ಗಿನ ತುದಿಯಲ್ಲಿ, ಬಳ್ಳಿಯ ಅಡಿಭಾಗಕ್ಕೆ ಒಂದು ಸಣ್ಣ ತೂತು ಮಾಡಿ. ನೀರು ತಾನೇ ಇಳಿದು ಹೋಗುತ್ತದೆ.

ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಭಾಗ ಇದ್ದರೆ ಅದನ್ನು ಕೆರೆದು ತೆಗೆಯಿರಿ, ಗಟ್ಟಿ ಹಸಿರು ಕಾಣುವ ತನಕ. ಚಾಕುವನ್ನು ಪ್ರತಿ ಸಲ ಬ್ಲೀಚ್ ನೀರಿನಲ್ಲಿ ಅದ್ದಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸಾಕು. ಆಮೇಲೆ ಕ್ಯಾಪ್ಟಾನ್ ಅನ್ನುವ ಶಿಲೀಂಧ್ರನಾಶಕ ಅಥವಾ ಗಂಧಕದ ಪುಡಿಯನ್ನು ಗಾಯದ ಮೇಲೆ ಉದುರಿಸುತ್ತಾರೆ. ನಾನೂ ಉದುರಿಸುತ್ತೇನೆ, ಕೈಗವಸು ಮತ್ತು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಪೊಟ್ಟಣದ ಮೇಲೆ ಬರೆದ ಹಾಗೆ. ಪುಡಿಗಿಂತ ಜಾಸ್ತಿ ಕೆಲಸ ಮಾಡುವುದು ಒಂದು ಚಿಕ್ಕ ಫ್ಯಾನ್. ಅದನ್ನು ಗಾಯಕ್ಕೆ ಮುಖ ಮಾಡಿ, ಮಳೆ ಬೀಳದ ಹಾಗೆ ಮರೆ ಮಾಡಿ, ಹಗಲೂ ರಾತ್ರಿ ಓಡಿಸಿ. ದೊಡ್ಡ ಕಾಯಿ ಬೆಳೆಯುವವರಲ್ಲಿ ತುಂಬಾ ಜನ ಗಾಯ ಇರಲಿ ಬಿಡಲಿ, ಬುಡಕ್ಕೆ ಫ್ಯಾನ್ ಇಟ್ಟೇ ಇಟ್ಟಿರುತ್ತಾರೆ. ಎರಡು ಮೂರು ದಿನದಲ್ಲಿ ಸೀಳಿನ ಅಂಚು ಒಣಗಿ, ಕಾರ್ಕಿನ ಹಾಗೆ ತಿಳಿ ಕಂದು ಬಣ್ಣಕ್ಕೆ ಬಂದರೆ ನೀವು ಗೆದ್ದ ಹಾಗೆ. ಸೀಳು ಮತ್ತೆ ಕೂಡಿಕೊಳ್ಳುವುದಿಲ್ಲ. ಕೂಡಿಕೊಳ್ಳುವ ಅಗತ್ಯವೂ ಇಲ್ಲ.

ಈಗ ನೀವು ಕೇಳದೇ ಇರುವ ಒಂದು ವಿಷಯ ಹೇಳಲೇಬೇಕು. 25 ದಿನ ಅಂದಿರಿ. ಇನ್ನು ಎರಡು ಮೂರು ವಾರ ಕಾಯಿ ಅತಿ ಜೋರಾಗಿ ಬೆಳೆಯುವ ಹೊತ್ತು. ಒಳ್ಳೆಯ ಗಿಡದಲ್ಲಿ ದಿನಕ್ಕೆ 15ರಿಂದ 20 ಕೆ.ಜಿ. ಏರುತ್ತದೆ. ಈ ಹೊತ್ತಿನಲ್ಲಿ ಬಳ್ಳಿಯನ್ನು ಹರಿಯುವುದು ಗಾಳಿಯಲ್ಲ, ಮಳೆಯೂ ಅಲ್ಲ, ಕಾಯಿಯೇ. ಕಾಯಿಯ ಭುಜ, ಅಂದರೆ ತೊಟ್ಟಿನ ಅಕ್ಕಪಕ್ಕದ ಉಬ್ಬು, ಅಗಲವಾಗುತ್ತಾ ಬಂದು ಬಳ್ಳಿಯನ್ನು ಒತ್ತುತ್ತದೆ. ಕಾಯಿ ಎತ್ತರಕ್ಕೂ ಬೆಳೆಯುವುದರಿಂದ ತೊಟ್ಟು ತನ್ನ ಜೊತೆ ಬಳ್ಳಿಯನ್ನೂ ಮೇಲಕ್ಕೆ ಎಳೆಯುತ್ತದೆ. ಅಕ್ಕಪಕ್ಕದ ಗೆಣ್ಣುಗಳು ಮಣ್ಣಿನಲ್ಲಿ ಬೇರು ಕಚ್ಚಿಕೊಂಡಿದ್ದರೆ ಬಳ್ಳಿ ಏಳುವುದಾದರೂ ಹೇಗೆ? ಆಗ ತೊಟ್ಟು ಕಳಚುತ್ತದೆ, ಇಲ್ಲವೇ ಬಳ್ಳಿ ಸೀಳುತ್ತದೆ. ನಿಮ್ಮ ಸೀಳು ಕಾಯಿಗೆ ಹತ್ತಿರದಲ್ಲಿದ್ದರೆ ಮಳೆಯ ಜೊತೆ ಇದೂ ಸೇರಿರಬಹುದು.

ಅದಕ್ಕೇ ಕಾಯಿಯ ಎರಡೂ ಪಕ್ಕ ಎರಡು ಮೂರು ಅಡಿ ಜಾಗದಲ್ಲಿ ಮಾತ್ರ ಗೆಣ್ಣಿನ ಬೇರುಗಳನ್ನು ಕತ್ತರಿಸಿ ಬಳ್ಳಿಯನ್ನು ಬಿಡಿಸಿಬಿಡಿ. ಉಳಿದೆಲ್ಲ ಕಡೆ ಬೇರು ಬೇಕೇ ಬೇಕು, ಇಲ್ಲಿ ಮಾತ್ರ ಬೇಡ. ಆಮೇಲೆ ಬಳ್ಳಿಯನ್ನು ಕಾಯಿಯ ಭುಜದಿಂದ ದಿನಕ್ಕೆ ಒಂದೆರಡು ಅಂಗುಲ ಆಚೆಗೆ ಸರಿಸುತ್ತಾ ಬನ್ನಿ. ಇದನ್ನು ಬೆಳಗ್ಗೆ ಮಾಡಬೇಡಿ. ಬೆಳಗ್ಗೆ ಬಳ್ಳಿ ನೀರು ಕುಡಿದು ಬಿರುಸಾಗಿರುತ್ತದೆ, ಲಟಕ್ ಅಂತ ಮುರಿಯುತ್ತದೆ. ಬಿಸಿಲು ಕಾದು ಬಳ್ಳಿ ಮೆತ್ತಗಾದ ಮಧ್ಯಾಹ್ನದ ಹೊತ್ತು ಒಳ್ಳೆಯದು. ಬಳ್ಳಿಯ ಮೇಲೆ ಒಂದು ಕೈ, ತೊಟ್ಟಿನ ಮೇಲೆ ಒಂದು ಕೈ ಇರಲಿ. ತಡೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಒಮ್ಮೆ ಇನ್ನೊಂದು ಅಂಗುಲ ಹೋಗಲಿ ಅಂತ ನಾನು ಒತ್ತಿದ್ದಕ್ಕೆ, ತೊಟ್ಟಿನ ಬುಡದಲ್ಲಿ ಸಣ್ಣ ಬಿರುಕು ಬಂದು ಒಂದು ವಾರ ನಿದ್ದೆ ಬರಲಿಲ್ಲ. ಅದು ಒಣಗಿತು, ಕಾಯಿ ಉಳಿಯಿತು. ಸೀಳಿದ ಬಳ್ಳಿಯಲ್ಲಿ ಈ ಕೆಲಸ ಇನ್ನೂ ನಾಜೂಕು. ಸೀಳು ಒಣಗುವ ತನಕ ಬೇರು ಬಿಡಿಸುವುದು ಮಾತ್ರ ಮಾಡಿ, ಸರಿಸುವುದು ಆಮೇಲೆ.

ನಾಳೆ ಸೀಳು ಕೊಳೆತು ಆ ಜಾಗ ಪೂರ್ತಿ ಹೋಗಿಬಿಟ್ಟರೆ? ಆಗಲೂ ಕಾಯಿ ಸಾಯಬೇಕೆಂದಿಲ್ಲ. ಮಣ್ಣು ಮುಟ್ಟಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಬುಡವೇ ಕೊಳೆತು ಹೋದ ಗಿಡಗಳು ಈ ಗೆಣ್ಣಿನ ಬೇರುಗಳ ಮೇಲೆ ಕಾಯಿ ಮುಗಿಸಿದ್ದುಂಟು. ಆದ್ದರಿಂದ ಕಾಯಿಯಿಂದ ಆಚೆಗಿನ ತಾಯಿಬಳ್ಳಿ ಮತ್ತು ಕವಲುಗಳ ಗೆಣ್ಣುಗಳಿಗೆ ಇವತ್ತಿನಿಂದಲೇ ಮಣ್ಣು ಮುಚ್ಚಿ. ಗೆಣ್ಣಿಗೆ ಒಂದು ಹಿಡಿ ಮಣ್ಣು, ಅದು ಒಣಗದ ಹಾಗೆ ನೀರು. ಎಲೆ ಮಾಡಿದ ಆಹಾರ ಆ ಕಡೆಯಿಂದಲೂ ಕಾಯಿಗೆ ಹಿಂದಕ್ಕೆ ಹರಿಯುತ್ತದೆ. ಕಾಯಿಯಾಚೆ ಬಳ್ಳಿಯನ್ನು ಇನ್ನೂ ಚಿವುಟಿಲ್ಲ ಅಂದರೆ ಈಗ ಚಿವುಟಬೇಡಿ, ಅದೇ ನಿಮ್ಮ ವಿಮೆ.

ಗಾಳಿಗೆ ಕವಲೂ ಒಂದೆರಡು ಮುರಿದಿವೆ ಅಂದಿದ್ದೀರಿ. ಅದರ ಚಿಂತೆ ಬಿಡಿ. ಪೂರ್ತಿ ತುಂಡಾದ ಕವಲನ್ನು ಮುರಿದ ಜಾಗಕ್ಕಿಂತ ಹಿಂದೆ, ಗಟ್ಟಿ ಭಾಗದಲ್ಲಿ ಕತ್ತರಿಸಿ. ತುದಿಯ ಭಾಗ ಬೇರು ಬಿಟ್ಟು ಹಸಿರಾಗಿದ್ದರೂ ತಾಯಿಬಳ್ಳಿಗೆ ಸಂಬಂಧ ಕಡಿದ ಮೇಲೆ ಕಾಯಿಗೆ ಅದರಿಂದ ಏನೂ ಸಿಗುವುದಿಲ್ಲ. ಅರ್ಧ ಮಡಚಿದ ಕವಲನ್ನು ನೆಟ್ಟಗೆ ಮಾಡಲು ಹೋಗಬೇಡಿ. ಬಿದ್ದ ಹಾಗೇ ಇರಲಿ, ಎರಡು ಪಕ್ಕ ಕಡ್ಡಿ ನೆಟ್ಟು ಅಲುಗಾಡದ ಹಾಗೆ ಮಾಡಿ, ಮುಂದಿನ ಗೆಣ್ಣಿಗೆ ಮಣ್ಣು ಕೊಡಿ. ತಾಯಿಬಳ್ಳಿಯ ಕುಡಿಯೇ ಮುರಿದವರು ಅದಕ್ಕೆ ಹತ್ತಿರದ ಗಟ್ಟಿ ಕವಲನ್ನು ತಿರುಗಿಸಿ ಅದನ್ನೇ ತಾಯಿಬಳ್ಳಿ ಮಾಡಿಕೊಳ್ಳಬಹುದು.

ಯಾವಾಗ ಕೈಬಿಡಬೇಕು ಅಂತಲೂ ಕೇಳಿದ್ದೀರಿ. ಕಣ್ಣಿನ ಅಂದಾಜು ಬೇಡ, ಅಳತೆ ಪಟ್ಟಿ ತಗೊಳ್ಳಿ. ದಿನವೂ ಒಂದೇ ಹೊತ್ತಿಗೆ ಕಾಯಿಯ ಸುತ್ತಳತೆ ತೆಗೆದು ಬರೆದಿಡಿ. ಸೀಳಿದ ಮೇಲೆ ಒಂದೆರಡು ದಿನ ಬೆಳವಣಿಗೆ ನಿಧಾನ ಆಗಬಹುದು, ಗಾಬರಿ ಬೇಡ. ನಾಲ್ಕೈದು ದಿನ ಕೂದಲೆಳೆಯಷ್ಟೂ ಏರದೆ, ಲೋಳೆ ತೊಟ್ಟಿನ ತನಕ ಬಂದಿದ್ದರೆ ಮಾತ್ರ ಆ ಕಾಯಿ ಮುಗಿಯಿತು ಅನ್ನಿ. ಸಣ್ಣದಾಗಿಯಾದರೂ ಏರುತ್ತಿದ್ದರೆ ಬಳ್ಳಿ ಇನ್ನೂ ದುಡಿಯುತ್ತಿದೆ. ಅದು ದುಡಿಯುತ್ತಿರುವಾಗ ನಾವು ಕಿತ್ತು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಇವತ್ತು ಸಂಜೆಯ ಸುತ್ತಳತೆ ತೆಗೆದಿಡಿ. ಸೀಳಿನಿಂದ ಕಾಯಿಯ ತೊಟ್ಟಿಗೆ ಎಷ್ಟು ಅಡಿ ದೂರ, ಕಾಯಿಯಾಚೆ ಎಷ್ಟು ಗೆಣ್ಣು ಬೇರು ಬಿಟ್ಟಿವೆ ಅನ್ನುವುದನ್ನೂ ನೋಡಿ, ಇಲ್ಲೇ ಕೆಳಗೆ ಬರೆಯಿರಿ. ಮೂರು ದಿನದ ಅಳತೆ ಸಿಕ್ಕರೆ ಮುಂದೆ ಏನು ಮಾಡಬಹುದು ಅಂತ ಹೇಳುತ್ತೇನೆ.