ಬೇಡ ಎಂದವರನ್ನು ಇನ್ನೆಷ್ಟು ಸಲ ಕೇಳಬೇಕು, ಮಾಷ್ಟ್ರೇ?

ಈ ವಾರ ಬಂದ ಒಂದು ಪತ್ರವನ್ನು ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ಓದಿದಾಗ ತೀರಿಹೋದ ನನ್ನ ತಂದೆಯ ನೆನಪಾಯಿತು. ಹಾಗಾಗಿ ಅಂಕಣವೆಲ್ಲ ಇದಕ್ಕೇ ಮೀಸಲು. ಸೊಸೆ ಏಳು ಗಂಟೆಗೆ ಮುಂಚೆ ಏಳುವುದಿಲ್ಲ ಎಂದು ಬರೆದಿರುವ ಅಮ್ಮ ಇನ್ನೊಂದು ವಾರ ಕಾಯಬಹುದು.

ಪತ್ರ ಬರೆದವರು ಕಾಸರಗೋಡಿನ ಕುಂಬಳೆಗೂ ಪೆರ್ಲಕ್ಕೂ ನಡುವಿನ ಒಂದು ಊರಿನ ಕಥೋಲಿಕರು, ಕನ್ನಡ ಶಾಲೆಯ ನಿವೃತ್ತ ಮಾಷ್ಟ್ರು, ವಯಸ್ಸು 62. ತಮ್ಮ ವಾಳೆಗೆ, ಅಂದರೆ ಚರ್ಚಿನ ವಾರ್ಡಿಗೆ, ಗುರ್ಕಾರರಾಗಿ, ಮುಂದಾಳಾಗಿ ಬಹಳ ವರ್ಷ ದುಡಿದವರು. ಇಗರ್ಜಿಯ (ಚರ್ಚಿನ) ಪಾಲನಾ ಸಮಿತಿಗೆ ಉಪಾಧ್ಯಕ್ಷರನ್ನು ಆರಿಸುವ ಸಭೆಯಲ್ಲಿ ಯಾರೋ ಇವರ ಹೆಸರು ಹೇಳಿದರು. ಇವರು "ಬೇಡ, ಬೇಡ" ಎಂದರು. ಸಭೆ ಅದನ್ನು ನಂಬಿ, ಗಲ್ಫಿನಿಂದ ಮರಳಿದ ಯುವಕನೊಬ್ಬನನ್ನು ಆರಿಸಿತು. ಅವನು ಇವರದೇ ಹಳೆಯ ವಿದ್ಯಾರ್ಥಿ. ಅಂದಿನಿಂದ ಮಾಷ್ಟ್ರಿಗೆ ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನೀವೂ ಇರಿ ಎಂದು ಫಾದರ್ ಕರೆದರೆ "ನಾನು ಯೋಗ್ಯನಲ್ಲ" ಎಂದು ಹಿಂದೆ ಸರಿದರು. "ನಾನು ಜೀವನದಲ್ಲಿ ಯಾವ ಸ್ಥಾನವನ್ನೂ ಕೇಳಿದವನಲ್ಲ. ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ ಎಂಬ ಯೇಸುವಿನ ಮಾತನ್ನು ನಂಬಿ ಬದುಕಿದವನು. ವಿನಯಕ್ಕೆ ಬೆಲೆಯಿಲ್ಲದ ಈ ಇಗರ್ಜಿಯನ್ನು ಬಿಟ್ಟು ಪಕ್ಕದ ಇಗರ್ಜಿಗೆ ಸೇರಲೇ?" ಎಂಬುದು ಪ್ರಶ್ನೆ.

ಮಾಷ್ಟ್ರೇ, ನನ್ನ ತಂದೆಯ ವಿಷಯ ಹೇಳುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಅವರು ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನುತ್ತಿದ್ದರು. ಬಡಿಸುವವನು ಇನ್ನೆರಡು ಸಲ ಒತ್ತಾಯಿಸಬೇಕು, ಆಮೇಲೆ ಇವರು ಸೋತವರಂತೆ ಕೈ ತೆಗೆಯಬೇಕು. ಬಡಿಸುವವರಲ್ಲಿ ಹೊಸ ಹುಡುಗನೊಬ್ಬ ಸೇರಿಕೊಂಡಿದ್ದರೆ ಸಾಕು ಎಂದದ್ದನ್ನು ನಿಜವೆಂದೇ ನಂಬಿ ಮುಂದಿನ ಎಲೆಗೆ ಹೋಗಿಬಿಡುತ್ತಿದ್ದ. ಆ ದಿನ ಮನೆಯಲ್ಲಿ ಅಮ್ಮನ ಗತಿ ಕೇಳುವುದೇ ಬೇಡ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಬೇಕಾದದ್ದನ್ನು ಬೇಡ ಎಂದು ಹೇಳಿ, ಇನ್ನೊಬ್ಬರು ಅದನ್ನು ಬಿಡಿಸಿ ಓದಲಿ ಎಂದು ಕಾಯುವುದು ವಿನಯವಲ್ಲ. ನಮ್ಮ ಕಡೆಯ ಅರ್ಧದಷ್ಟು ಮುನಿಸು ಈ ಉಪಚಾರದ ಸಂತಾನ.

ಇನ್ನು ನೀವು ನಂಬಿ ಬದುಕಿದೆ ಎನ್ನುವ ಆ ಮಾತು. ಅದು ಯಾವ ಸಂದರ್ಭದಲ್ಲಿ ಬಂತೆಂದು ತರಗತಿಯಲ್ಲಿ ಮಕ್ಕಳನ್ನು ಕೇಳಿದ ಹಾಗೆ ನಿಮ್ಮನ್ನು ಕೇಳುತ್ತೇನೆ. ಬೈಬಲಿನಲ್ಲಿ ಮಾರ್ಕನು ಬರೆದ ಶುಭಸಂದೇಶದ ಹತ್ತನೇ ಅಧ್ಯಾಯ. ಹನ್ನೆರಡು ಶಿಷ್ಯರಲ್ಲಿ ಯಾಕೋಬ, ಯೋವಾನ್ನ ಎಂಬ ಅಣ್ಣತಮ್ಮಂದಿರು ಯೇಸುವಿನ ಬಳಿ ಬಂದು, ನಿನ್ನ ಮಹಿಮೆಯ ಕಾಲದಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಕೊಡು ಎನ್ನುತ್ತಾರೆ. ನೀವು ಕೇಳುವುದೇನೆಂದು ನಿಮಗೆ ತಿಳಿಯದು ಎಂದು ಯೇಸು ಅವರಿಗೆ ಅಲ್ಲೇ ಉತ್ತರಿಸಿಬಿಡುತ್ತಾನೆ. ಸೇವಕನ ಮಾತು ಇನ್ನೂ ಬಂದಿಲ್ಲ. ಅದು ಬರುವುದು ಉಳಿದ ಹತ್ತು ಮಂದಿಗೆ ಸುದ್ದಿ ತಿಳಿದು ಸಿಟ್ಟೇರಿದ ಮೇಲೆ, ಎಲ್ಲರನ್ನೂ ಹತ್ತಿರ ಕರೆದಾಗ. ಆ ಹತ್ತು ಮಂದಿ ಏನನ್ನೂ ಕೇಳಿದವರಲ್ಲ! ಕೇಳದವರಿಗೆ ಸಿಟ್ಟೇಕೆ ಬರಬೇಕಿತ್ತು? ಇಷ್ಟು ವರ್ಷ ನೀವು ಆ ಕಥೆಯಲ್ಲಿ ನಿಮ್ಮನ್ನು ಯೇಸುವಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಿದ್ದೀರಿ. ನಿಮ್ಮ ಜಾಗ ಆ ಹತ್ತರಲ್ಲಿದೆ. ನನ್ನದೂ ಅಲ್ಲೇ ಇದೆ. ಕಳೆದ ವರ್ಷ ರಾಜ್ಯೋತ್ಸವದ ಸನ್ಮಾನದ ಪಟ್ಟಿ ಹೊರಬಿದ್ದಾಗ ಮೂರು ದಿನ ನಾನು ಯಾರ ಫೋನನ್ನೂ ಎತ್ತಿರಲಿಲ್ಲ.

ಇದೇ ಕಥೆಯನ್ನು ಮತ್ತಾಯನು ಹೇಳುವಾಗ ಜಾಗ ಕೇಳಲು ಬರುವವಳು ಆ ಇಬ್ಬರ ತಾಯಿ. ಇದರಿಂದ ನನಗೆ ನಿಮ್ಮ ಭಾವನ ನೆನಪಾಯಿತು. ಪತ್ರದಲ್ಲಿ ಆತ ನಾಲ್ಕು ಸಲ ಬರುತ್ತಾನೆ, ನಾಲ್ಕು ಸಲವೂ "ನಿಮ್ಮನ್ನು ಮೂಲೆಗೆ ತಳ್ಳಿದರು" ಎನ್ನುವುದಕ್ಕೇ. ನಿಮಗೆ ನೂರು ಬೈದರೂ ಒಳಗೆಲ್ಲೋ ಮರುಕವಿದೆ; ಈತನ ಮೇಲೆ ಅದೂ ಇಲ್ಲ. ಊರಿಗೊಬ್ಬ ಇಂಥವನಿರುತ್ತಾನೆ. ಒಂದು ಕುರ್ಚಿ ಎತ್ತಿ ಇಡುವುದಿಲ್ಲ, ಇನ್ನೊಬ್ಬನಿಗೆ ಕುರ್ಚಿ ಸಿಗಲಿಲ್ಲ ಎಂದು ಅಳುತ್ತಾನೆ. ಮುಂದಿನ ಸಲ ಬಂದರೆ ಚಹಾ ಕೊಟ್ಟು ಕಳುಹಿಸಿ.

ಈಗ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಅರ್ಧ ಸಾಲಿನಲ್ಲಿ ನೀವು ಬರೆದಿದ್ದೀರಿ: ಪ್ರತಿ ಭಾನುವಾರ ಪೂಜೆಯ ನಂತರ ಇಗರ್ಜಿಯ ಜಗಲಿಯ ಬೆಂಚಿನಲ್ಲಿ ಕುಳಿತು ಮಲಯಾಳ ಓದಲು ಬಾರದ ಮುದುಕ ಮುದುಕಿಯರಿಗೆ ಅರ್ಜಿ ತುಂಬಿಸಿ ಕೊಡುತ್ತಿದ್ದೆ, "ಸದ್ಯಕ್ಕೆ ಅದನ್ನೂ ನಿಲ್ಲಿಸಿದ್ದೇನೆ". ಮುಂದಿನ ಅರ್ಧ ಸಾಲು: "ಈಗ ಆ ಹುಡುಗನೇ ತುಂಬಿಸುತ್ತಾನೆ, ತಪ್ಪು ಮಾಡುತ್ತಾನಂತೆ."

ಆ "ಅಂತೆ"ಯಲ್ಲಿ ಎಷ್ಟು ಸಂತೋಷವಿದೆ, ಮಾಷ್ಟ್ರೇ!

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಗಡಿನಾಡಿನ ಹಿರಿಯರ ಪಾಡು ಏನೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೈಗೆ ಬರುವ ಕಾಗದ ಮಾತ್ರ ಮಲಯಾಳ. ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕಾನೂನಿನಲ್ಲಿದೆ, ನಿಜ. ಆದರೆ ವಿಧವಾ ಪಿಂಚಣಿಗೆ ಕಾದಿರುವ ಮುದುಕಿ ಕಾನೂನು ಹಿಡಿದು ವಾದಿಸುವುದಿಲ್ಲ, ಬೆಂಚಿನ ಹತ್ತಿರ ಬಂದು ಚೀಲದಿಂದ ಕಾಗದ ತೆಗೆಯುತ್ತಾಳೆ. ಡಿಸೋಜ ಎಂಬ ಹೆಸರು ಆಧಾರಿನಲ್ಲಿ ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇದ್ದರೆ ಯಾವುದನ್ನು ಮೊದಲು ತಿದ್ದಿಸಬೇಕು, ವರಮಾನದ ಪ್ರಮಾಣಪತ್ರಕ್ಕೆ ಗ್ರಾಮ ಕಚೇರಿಗೆ ಏನೇನು ಒಯ್ಯಬೇಕು, ಪಿಂಚಣಿದಾರರು ಬದುಕಿದ್ದಾರೆಂದು ದಾಖಲಿಸುವ ಮಸ್ಟರಿಂಗಿಗೆ ಅಕ್ಷಯ ಸೇವಾ ಕೇಂದ್ರಕ್ಕೆ ಯಾವಾಗ ಹೋಗಬೇಕು, ಇವೆಲ್ಲ ನಿಮ್ಮ ತಲೆಯಲ್ಲಿವೆ. ಒಂದು ಅಕ್ಷರ ತಪ್ಪಿದರೆ ಕಾಗದ ಹಿಂದಕ್ಕೆ ಬರುತ್ತದೆ, ಅವಳ ಔಷಧಿ ನಿಲ್ಲುತ್ತದೆ. ಉಪಾಧ್ಯಕ್ಷನ ಮೇಲಿನ ಸಿಟ್ಟಿಗೆ ದಂಡ ತೆತ್ತವರು ಯಾರೆಂದು ಲೆಕ್ಕ ಹಾಕಿದ್ದೀರಾ? ಅವರಲ್ಲಿ ಒಬ್ಬರಾದರೂ ಆ ಸಭೆಯಲ್ಲಿ ಕೈ ಎತ್ತಿದವರೇ?

ನಮ್ಮಲ್ಲಿ ಸೇವಕ ಎಂಬ ಪದ ಕೆಟ್ಟುಹೋಗಿದೆ. ಸಮಾಜಸೇವಕ ಎಂದರೆ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವನು ಎಂದಾಗಿದೆ. ಮಾರ್ಕನು ಗ್ರೀಕಿನಲ್ಲಿ ಬರೆದ ಪದ ದಿಯಾಕೊನೊಸ್. ಊಟಕ್ಕೆ ಕುಳಿತವರಿಗೆ ಬಡಿಸುವವನು, ಹೇಳಿದ ಕೆಲಸಕ್ಕೆ ಓಡುವವನು ಎಂಬ ಅರ್ಥ ಅದಕ್ಕಿದೆ. ಲೂಕನ ಪ್ರಕಾರ ಕಡೆಯ ಭೋಜನದ ಪಂಕ್ತಿಯಲ್ಲೇ ಶಿಷ್ಯರಿಗೆ ಯಾರು ದೊಡ್ಡವರೆಂದು ಜಗಳ ಹತ್ತುತ್ತದೆ. ಊಟಕ್ಕೆ ಕುಳಿತವನು ದೊಡ್ಡವನೋ ಬಡಿಸುವವನೋ ಎಂದು ಕೇಳಿ, ನಾನು ನಿಮ್ಮ ನಡುವೆ ಬಡಿಸುವವನಂತಿದ್ದೇನೆ ಎನ್ನುತ್ತಾನೆ ಯೇಸು. ನೀವು ಇಷ್ಟು ವರ್ಷ ಬೆಂಚಿನ ಮೇಲೆ ಮಾಡಿದ್ದು ಅದನ್ನೇ. ಆ ಹೊತ್ತಿನಲ್ಲಿ ನೀವು ನಿಜವಾಗಿ ದೊಡ್ಡವರಾಗಿದ್ದಿರಿ, ನಿಮಗೆ ಗೊತ್ತೇ ಇರಲಿಲ್ಲ. ಗೊತ್ತಾಗದೆ ಇದ್ದದ್ದೇ ಚೆನ್ನಾಗಿತ್ತು, ಈಗ ಹೇಳಿ ಕೆಡಿಸಿದೆನೇನೋ.

ಗುರುವಾರದ ಪಾದ ತೊಳೆಯುವಿಕೆಯ ಬಗ್ಗೆ ನನಗೆ ಅಷ್ಟೇನೂ ಹೇಳಲಿಕ್ಕಿಲ್ಲ. ಯೇಸುವಿನ ಶಿಷ್ಯ ಪೇತ್ರನೂ ಮೊದಲು ಕಾಲು ಹಿಂದಕ್ಕೆ ಎಳೆದುಕೊಂಡಿದ್ದ, ಅದಕ್ಕೆ ಅವನಿಗೆ ಶಹಬಾಸ್ ಸಿಗಲಿಲ್ಲ. ಅಷ್ಟಕ್ಕೂ ಯೋಗ್ಯನಲ್ಲ ಎಂದು ನಿಮಗೆ ಅನಿಸುತ್ತಿದ್ದರೆ ನಿಮ್ಮ ಹೆಂಡತಿಯನ್ನು ಕೂರಿಸಿ. 2016ರಲ್ಲಿ ಆಗಿನ ಪೋಪ್ ಫ್ರಾನ್ಸಿಸರು ಹೆಂಗಸರಿಗೂ ಅದಕ್ಕೆ ಅವಕಾಶ ಮಾಡಿಕೊಟ್ಟರು. ಪ್ರತಿ ಶನಿವಾರ ಇಗರ್ಜಿ ಗುಡಿಸುವವಳು ಅವಳು ಎಂದು ನೀವೇ ಬರೆದಿದ್ದೀರಿ, ಅದೂ ಆವರಣದೊಳಗೆ.

ಪಕ್ಕದ ಇಗರ್ಜಿಯ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ನೀವು ಮಾಡಬೇಕಾದದ್ದು ಒಂದೇ: ಬರುವ ಭಾನುವಾರ ಪೂಜೆ ಮುಗಿದ ಕೂಡಲೇ ಆ ಬೆಂಚಿಗೆ ಹೋಗಿ ಕುಳಿತುಕೊಳ್ಳಿ. ಯಾರಾದರೂ ಕರೆಯುವವರೆಗೆ ಕಾಯಬೇಡಿ. ಹುಡುಗ ಅಲ್ಲೇ ಇದ್ದರೆ ಸ್ವಲ್ಪ ಸರಿದು ಕೂರಲು ಹೇಳಿ, ಅವನ ಕೈಯಲ್ಲಿರುವ ಅರ್ಜಿಯಲ್ಲಿ ಹೆಸರು ಸರಿಯಾಗಿದೆಯೇ ನೋಡಿ. ಕನ್ನಡಕ ಮರೆಯಬೇಡಿ.