ಲಿವರ್ ಗಡ್ಡೆಗೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಸಾಕೇ, ನೇರವಾಗಿ ಬಯಾಪ್ಸಿ ಮಾಡಿಸುವುದು ವಾಸಿಯೇ?

ತಾಯಿಯವರ ಲಿವರ್‌ನಲ್ಲಿ ಗಡ್ಡೆ ಕಂಡಿದೆ, ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ (ರಕ್ತನಾಳಕ್ಕೆ ಔಷಧ ಚುಚ್ಚಿ ಮಾಡುವ ಸ್ಕ್ಯಾನಿಂಗ್) ಸಾಕೇ, ನೇರವಾಗಿ ಬಯಾಪ್ಸಿ (ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಲೇ ಎಂದು ಕೇಳಿದ್ದೀರಿ. ನಿಮ್ಮ ತಾಯಿಯವರ ವರದಿಯಲ್ಲಿರುವ ‘ಹಿಮಾಂಜಿಯೋಮಾ (ರಕ್ತನಾಳಗಳ ನಿರಪಾಯದ ಗಡ್ಡೆ) ಇರಬಹುದು’ ಎಂಬ ಸಾಲೇ ನಮ್ಮ ತಾಯಿಯ ವರದಿಯಲ್ಲೂ ಇತ್ತು. ‘ಮತ್ತೊಂದು ಸ್ಕ್ಯಾನಿಂಗ್ ಏಕೆ, ಬಯಾಪ್ಸಿ ಮಾಡಿಸಿದರೆ ಮುಗಿಯಿತಲ್ಲ’ ಎಂಬ ನಿಮ್ಮ ಅವಸರವೂ ನನಗಿತ್ತು. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಮಂಡ್ಯದಲ್ಲಿ ಮಾಡಿಸಿದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ನಮ್ಮ ತಾಯಿಯ ಯಕೃತ್ತಿನ ಬಲಭಾಗದಲ್ಲಿ ಸುಮಾರು 3 ಸೆಂ.ಮೀ. ಗಡ್ಡೆ ಕಂಡಿತ್ತು. ಮೈಸೂರಿನ ತಜ್ಞರು ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮಾಡಿಸಲು ಚೀಟಿ ಬರೆದುಕೊಟ್ಟರು. ನಾನು ಆ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಬೇರೊಂದು ಸೆಂಟರಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದೆ.

ಅನುಮಾನ ಹುಟ್ಟಿಸಿದ ಯಂತ್ರವೇ ಅನುಮಾನವನ್ನು ಪರಿಹರಿಸುವುದು ಹೇಗೆ, ದೊಡ್ಡ ಯಂತ್ರಕ್ಕೆ ಹೆಚ್ಚು ಕಾಣಿಸುತ್ತದಲ್ಲವೇ ಎಂಬುದು ನನ್ನ ತರ್ಕವಾಗಿತ್ತು. ಸೆಂಟರಿನಲ್ಲಿ ನಾನು ‘ಕಾಂಟ್ರಾಸ್ಟ್ ಹಾಕಿ ಹೊಟ್ಟೆಯ ಸಿಟಿ ಮಾಡಿ’ ಎಂದಷ್ಟೇ ಹೇಳಿದೆ. ಅವರು ಒಂದೇ ಹಂತದಲ್ಲಿ ಚಿತ್ರ ತೆಗೆದರು. ಯಕೃತ್ತಿನ ಗಡ್ಡೆಯ ಗುಣ ತಿಳಿಯಬೇಕಾದರೆ ಔಷಧ ಮೊದಲು ಅಪಧಮನಿಯಿಂದ, ಆಮೇಲೆ ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಅಭಿಧಮನಿಯಿಂದ ಬರುವಾಗ ಮತ್ತು ಕೊನೆಗೆ ತಡವಾಗಿ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ಟ್ರೈಫೇಸಿಕ್ ಸಿಟಿ ಎನ್ನುವುದು ಇದನ್ನೇ. ಗಡ್ಡೆ ಹೇಗೆ ತುಂಬಿತು, ತುಂಬಿದ್ದು ಉಳಿಯಿತೇ ಎಂಬುದರಲ್ಲಿ ಉತ್ತರವಿರುವಾಗ ಒಂದೇ ಕ್ಷಣದ ಚಿತ್ರದಿಂದ ಏನೂ ತೀರ್ಮಾನವಾಗಲಿಲ್ಲ. ‘ಎಂಆರ್‌ಐ ಅಥವಾ ಬಯಾಪ್ಸಿ ಸೂಕ್ತ’ ಎಂಬ ವರದಿ ಬಂದು ಮನೆಯವರೆಲ್ಲರ ನಿದ್ದೆ ಹೋಯಿತು. ಸಕ್ಕರೆ ಕಾಯಿಲೆಯಿದ್ದ ತಾಯಿಯ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಅಂಶ) ಮೊದಲೇ ಹೆಚ್ಚಿದ್ದುದರಿಂದ, ಮತ್ತೊಮ್ಮೆ ಸಿಟಿಯ ಅಯೋಡಿನ್ ಕಾಂಟ್ರಾಸ್ಟ್ ಔಷಧ ಕೊಟ್ಟು ಸಿಟಿ ಮಾಡಲು ವೈದ್ಯರು ಒಪ್ಪಲಿಲ್ಲ.

ಕೊನೆಗೆ ಆ ಹಳೆಯ ಚೀಟಿಯನ್ನೇ ಹೊರತೆಗೆಯಬೇಕಾಯಿತು. ಕಾಂಟ್ರಾಸ್ಟ್ ಅಲ್ಟ್ರಾಸೌಂಡ್‌ನಲ್ಲಿ ಕೈಯ ರಕ್ತನಾಳಕ್ಕೆ ಚುಚ್ಚುವುದು ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದಾದ ಅನಿಲದ ಗುಳ್ಳೆಗಳನ್ನು. ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲಕ್ಕೆ ಕೊಬ್ಬಿನಂಶದ ತೆಳು ಪೊರೆ ಇರುತ್ತದೆ. ಇವು ರಕ್ತನಾಳವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ, ಮತ್ತು ಅನಿಲವು ಮೂತ್ರದಲ್ಲಿ ಹೋಗದೆ ಉಸಿರಿನಲ್ಲಿ ಹೊರಬೀಳುವುದರಿಂದ ಮೂತ್ರಪಿಂಡಕ್ಕೆ ಹೊರೆಯಿಲ್ಲ. ಪರದೆಯ ಮೇಲೆ ಕಪ್ಪಗಿದ್ದ ಗಡ್ಡೆಯ ಅಂಚಿನಲ್ಲಿ ಮೊದಲು ಗಂಟುಗಂಟಾಗಿ ಬೆಳಕು ಮೂಡಿತು. ತೂಬು ತೆಗೆದಾಗ ಬದುವಿನ ಕಡೆಯಿಂದ ಗದ್ದೆಗೆ ನೀರು ಹರಡುವಂತೆ ಅದು ನಿಧಾನವಾಗಿ ನಡುವಿನತ್ತ ಸರಿಯಿತು. ಎರಡು ನಿಮಿಷ ಕಳೆದ ಮೇಲೂ ಬೆಳಕು ಮಾಸಲಿಲ್ಲ. ಅದು ಹಿಮಾಂಜಿಯೋಮಾದ ಲಕ್ಷಣ. ಕ್ಯಾನ್ಸರ್ ಗಡ್ಡೆಗಳು ಸಾಮಾನ್ಯವಾಗಿ ತಡವಾದ ಹಂತದಲ್ಲಿ ಸುತ್ತಲಿನ ಯಕೃತ್ತಿಗಿಂತ ಕಪ್ಪಾಗುತ್ತವೆ. ಬೇರೆ ಅಂಗದಿಂದ ಹರಡಿದವು ಹೆಚ್ಚಾಗಿ ಮೊದಲ ನಿಮಿಷದೊಳಗೇ ಕಪ್ಪಾಗತೊಡಗುತ್ತವೆ. ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ ಎಂಬ ಇನ್ನೊಂದು ನಿರಪಾಯದ ಗಡ್ಡೆ ಹಿಮಾಂಜಿಯೋಮಾಕ್ಕೆ ತದ್ವಿರುದ್ಧವಾಗಿ ನಡುವಿನಿಂದ ಹೊರಕ್ಕೆ ತುಂಬುತ್ತದೆ.

ಆದ್ದರಿಂದ ‘ಅಲ್ಟ್ರಾಸೌಂಡೋ ಬಯಾಪ್ಸಿಯೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಿಮಾಂಜಿಯೋಮಾ ಎಂದರೆ ರಕ್ತ ತುಂಬಿದ ನಾಳಗಳ ಮುದ್ದೆ. ಚಿತ್ರದಲ್ಲೇ ತಿಳಿಯಬಹುದಾದುದಕ್ಕೆ ಸೂಜಿ ಚುಚ್ಚಿಸಿ ರಕ್ತಸ್ರಾವದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಧೈರ್ಯವೂ ಅಲ್ಲ, ಜಾಣತನವೂ ಅಲ್ಲ. ಬಯಾಪ್ಸಿಯ ಮಾತು ಬರಬೇಕಾದದ್ದು ಚಿತ್ರಗಳು ಸೋತ ಮೇಲೆ.

ನಿಮ್ಮ ತಾಯಿಯವರಿಗೆ ಹೆಪಟೈಟಿಸ್ ಆಗಲಿ, ಸಿರೋಸಿಸ್ (ಯಕೃತ್ತು ಗಟ್ಟಿಯಾಗುವ ಕಾಯಿಲೆ) ಆಗಲಿ, ಹಿಂದೆ ಕ್ಯಾನ್ಸರ್ ಆಗಲಿ ಇರಲಿಲ್ಲವೆಂದು ಬರೆದಿದ್ದೀರಿ. ಇದ್ದಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ. ದಪ್ಪ ಮೈಯವರಲ್ಲಿ, ಗಡ್ಡೆ ಆಳದಲ್ಲಿದ್ದರೆ ಅಥವಾ ಹಲವು ಗಡ್ಡೆಗಳಿದ್ದರೆ ಎಂಆರ್‌ಐ ಮೇಲು. ಹಲವು ಗಡ್ಡೆಗಳಿದ್ದಾಗ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್‌ನ ಒಂದು ಸಲದ ಚುಚ್ಚುಮದ್ದಿಗೆ ಆರಂಭದಿಂದ ನೋಡಲಾಗುವುದು ಹೆಚ್ಚಾಗಿ ಒಂದೇ ಗಡ್ಡೆಯನ್ನು. ಹೃದಯದ ತೊಂದರೆಯಿದ್ದರೆ ಚುಚ್ಚುವ ಮೊದಲೇ ತಿಳಿಸಿ. ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಎಲ್ಲ ಸೆಂಟರುಗಳಲ್ಲೂ ನಡೆಯುವುದಿಲ್ಲ. ಮಂಡ್ಯದಿಂದ ಹೊರಡುವ ಮೊದಲು ಫೋನ್ ಮಾಡಿ, ಗುಳ್ಳೆಯ ಔಷಧ ಅವರಲ್ಲಿದೆಯೇ, ಲಿವರ್‌ಗೆ ಇದನ್ನು ರೂಢಿಯಾಗಿ ಮಾಡುವ ರೇಡಿಯಾಲಜಿಸ್ಟ್ ಆ ದಿನ ಇರುತ್ತಾರೆಯೇ ಎಂದು ಕೇಳಿ. ಮುಗಿದ ಮೇಲೆ ವರದಿಯ ಜೊತೆಗೆ ವಿಡಿಯೊವನ್ನೂ ಪಡೆದುಕೊಳ್ಳಿ. ಮುಂದೆ ಬೇರೆ ವೈದ್ಯರಿಗೆ ತೋರಿಸುವಾಗ ಬರೀ ಫೋಟೊ ಹಾಳೆ ಸಾಲದು.